ಗೇಟಿನ ಹೊರಗಿನ ಕುರ್ಚಿ

ಮನೆ ನೋಡಲು ಹೋದವರು ನಲ್ಲಿ ತಿರುಗಿಸುತ್ತಾರೆ, ಗೋಡೆ ತಟ್ಟುತ್ತಾರೆ, ಮಳೆಗೆ ಸೋರುತ್ತದೆಯೇ ಎಂದು ಕೇಳುತ್ತಾರೆ. ನನ್ನ ಅತ್ತೆ ಹುಚ್ಚವ್ವ ಅದೇನೂ ಮಾಡಲಿಲ್ಲ. ಹಾನಗಲ್ಲಿನ ಬಾನುಬಿಯವರ ಪಡಸಾಲೆಗೆ ಹೋದವರೇ ಬಾಗಿಲಿಗೆ ಎದುರಾದ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತರು. ಕಣ್ಣು ಮುಚ್ಚಿದರು.

ಬಾನುಬಿ ಗಾಬರಿಯಾದರು. “ಯಾಕವ್ವಾ, ತಲಿ ತಿರಗಾಕತ್ತೈತೇನ? ನೀರ ತರ್ಲ್ಯಾ?”

“ಏನಿಲ್ಲ ಬಿಡ. ಹೊರಗ ನಿಂತು ನೋಡು, ಬಾಗಲದಾಗಿಂದ ಮಾರಿ ಕಾಣ್ತೈತೇನು.”

“ಯಾರ ಮಾರಿ?”

“ನಂದ. ಸತ್ತ ಮ್ಯಾಲ.”

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತೇವೆ. ಹಣೆಗೆ ವಿಭೂತಿ ಹಚ್ಚುತ್ತೇವೆ. ಮುಂದೆ ಭಜನೆಯವರು ಕೂರುತ್ತಾರೆ, ಬಂದವರು ಬಾಗಿಲಿನಿಂದಲೇ ಮುಖ ನೋಡುತ್ತಾರೆ. ಕೂಡಿಸಿಕೊಂಡೇ ಹೊತ್ತೊಯ್ದು, ಕೂಡಿಸಿಯೇ ಮಣ್ಣು ಕೊಡುತ್ತೇವೆ. ಇದಕ್ಕೆಲ್ಲ ಮೊದಲು ಒಂದು ಗೋಡೆ ಬೇಕು. ಅತ್ತೆ ಊರೂರು ತಿರುಗಿ ಹುಡುಕುತ್ತಿದ್ದದ್ದು ಅದನ್ನು.

ಬಾನುಬಿ ಬಾಯಿಗೆ ಸೆರಗು ಹಿಡಿದು ನಕ್ಕರು. “ಅಯ್ಯ ನಿನ್ನ! ನಾ ಇದನ್ನ ಮಾರಿ ಬಾಡಗಿ ಮನಿಗೆ ಹೊಂಟೇನಿ. ನೀ ಸಾಯಾಕಂತ ಮನಿ ಕೊಳ್ಳಾಕ ಬಂದಿಯಲ್ಲ!”

ಸವಣೂರಿನಲ್ಲಿ ಮಗಳು ಮಾಸೂಮಾಳ ಮನೆಯ ಎದುರಿಗೇ ಅವರು ಒಂದು ಕೋಣೆ ಗೊತ್ತು ಮಾಡಿಕೊಂಡಿದ್ದರು.

“ಅಲ್ಲಿ ಹಂಚು ಸೋರಿದ್ರ ಮಾಲಕನ್ನ ಕರದು ಬೈತೇನಿ,” ಎಂದರು. “ಇಲ್ಲಿ ಯಾರ್ನ ಬೈಲಿ? ನಮ್ಮ ಮುದುಕನ ಗೋರಿಗೆ ಹೋಗಿ ಬೈಲ್ಯಾ?”

“ಬಾಡಗಿ ಮನ್ಯಾಗ ಸತ್ರ?”

“ಸತ್ರ ಹೊತ್ತೊಯ್ಯಾಕ ಮಸೂತಿಯಿಂದ ಜನಾಜಾ ಬರ್ತೈತಿ. ಮನಿ ಯಾರದಂತ ಅದು ಕೇಳೂದಿಲ್ಲ.”

“ನಿಮ್ದು ಛಲೋ,” ಎನ್ನುತ್ತ ಅತ್ತೆ ನೆಲಕ್ಕೆ ಕೈಯೂರಿ ಎದ್ದರು. “ನಮ್ಮನ್ನ ಕೇಳ್ತಾರ.”

ಆಮೇಲೆ ತಿಳಿಸುತ್ತೇವೆ ಎಂದು ಬಾನುಬಿಯವರಿಗೆ ಹೇಳಿ ಅತ್ತೆಯನ್ನು ಹೊರಡಿಸಿದೆ.

ಶಿಗ್ಗಾಂವಿಗೆ ಮರಳುವ ಬಸ್ಸಿನಲ್ಲಿ ನಾನು ನನ್ನ ಲೆಕ್ಕವನ್ನು ಇನ್ನೊಮ್ಮೆ ಹೇಳಿದೆ. ಹಿರೇಕೆರೂರಿನ ತವರಿನ ಹೊಲದಲ್ಲಿ ಅತ್ತೆಯ ಪಾಲಿಗೆ ಬಂದ ಹಣ ಬ್ಯಾಂಕಿನಲ್ಲಿದೆ. ಅದು ಅವರ ಔಷಧಕ್ಕೆ, ಅನ್ನಕ್ಕೆ ಆಗುತ್ತದೆ. ನನ್ನದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಕೆಲಸ ಸಿಕ್ಕರೆ ಹೊರಡಬೇಕಾಗುತ್ತದೆ.

“ಬಾಡಗಿ ಅಂದ್ರ ನಾ ಎಲ್ಲಿ ಹೋದ್ರೂ ನೀವೂ ಬರಬಹುದು, ಅತ್ತ್ಯಾರ. ಈ ವಯಸ್ಸಿನಾಗ ಮನಿ ತಗೊಂಡು ಏನ ಮಾಡ್ತೀರಿ?”

“ನೀ ಹೋಗವ್ವಾ. ಬ್ಯಾಡ ಅನ್ನೂದಿಲ್ಲ. ನಾ ಹೋಗೂ ಹಾದಿ ಬ್ಯಾರೆ ಐತಿ. ಅದಕ್ಕ ಬಾಗಲಾ ನೋಡಾಕತ್ತೇನಿ.”

ನಾನು ಕಿಟಕಿಯ ಕಡೆ ತಿರುಗಿದೆ. ಅವರು ಮಗನ ಹೆಸರು ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ.

ನಾವಿದ್ದದ್ದು ಶಿಗ್ಗಾಂವಿಯಲ್ಲಿ, ಪರಮೇಶಪ್ಪ ಎಂಬವನ ಕಾಂಪೌಂಡಿನೊಳಗೆ. ಮುಂದೆ ಅವನ ದೊಡ್ಡ ಮನೆ, ಹಿಂದೆ ನಮ್ಮ ಎರಡು ಕೋಣೆ. ಎರಡು ವರ್ಷದ ಹಿಂದೆ ಹೆದ್ದಾರಿಯಲ್ಲಿ ಲಾರಿ ಬಡಿದು ನನ್ನ ಗಂಡ ಆನಂದ ಸತ್ತ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವನನ್ನು ತಂದ ಆಂಬುಲೆನ್ಸು ಬಂದು ನಿಂತಾಗ ಗೇಟಿಗೆ ಬೀಗವಿತ್ತು. ಒಳಗೆ ಪರಮೇಶಪ್ಪ ಕೈ ಮುಗಿದುಕೊಂಡು ನಿಂತಿದ್ದ.

“ಮುಂದಿನ ತಿಂಗಳ ಮಗಳ ಮದವಿ ಐತ್ರಿ. ಒಳಗ ಹೆಣ ತಂದ್ರ ಹಂದರ ಹಾಕಾಕ ಬರೂದಿಲ್ಲ. ಬಾಡಗಿದಾರ್ರು ನೀವು, ಸ್ವಲ್ಪ ತಿಳ್ಕೋಬೇಕು.”

ಆಮೇಲೆ ಕಟ್ಟೆಯ ಮೇಲಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಾನೇ ತಂದು ಗೇಟಿನ ಮೇಲಿಂದ ದಾಟಿಸಿದ. ಅದು ಅವನ ಉಪಕಾರ.

ಆನಂದನನ್ನು ಆ ಕುರ್ಚಿಯ ಮೇಲೆ ಕೂಡಿಸಿದೆವು. ಬೀಳಬಾರದೆಂದು ಟವೆಲಿನಿಂದ ಗೇಟಿನ ಕಂಬಕ್ಕೆ ಕಟ್ಟಿದೆವು. ಬಿಸಿಲು ನೇರವಾಗಿ ಅವನ ಮುಖದ ಮೇಲಿತ್ತು. ಅತ್ತೆ ಕೊಡೆ ಹಿಡಿದು ನಿಂತರು. ಬಸ್ಸುಗಳು ಹಾರ್ನ್ ಹಾಕಿ ನಮ್ಮನ್ನು ಬದಿಗೆ ಸರಿಸಿದವು. ಅಳುವ ಮೊದಲು ಹಿಂದೆ ಗಾಡಿ ಬರುತ್ತಿದೆಯೇ ಎಂದು ನೋಡಬೇಕಿತ್ತು.

ಮಣ್ಣು ಮುಗಿದ ಮೇಲೆ ಕುರ್ಚಿ ತೊಳೆದು ಕೊಡಲು ಹೋದೆ. ಪರಮೇಶಪ್ಪನ ಹೆಂಡತಿ ನಾಗರತ್ನಾ ಕಟ್ಟೆಯಿಂದಲೇ ಕೈಯಾಡಿಸಿದಳು.

“ಬ್ಯಾಡ್ರೀ, ನೀವ ಇಟ್ಕೋರಿ. ಮನಿಯೊಳಗ ಮಾತ್ರ ಇಡಬ್ಯಾಡ್ರಿ.”

ಅಂದಿನಿಂದ ಆ ಕುರ್ಚಿ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿತ್ತು. ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಮಳೆಬಿಸಿಲಿಗೆ ಬಣ್ಣ ಹೋಗಿ ಒಸಡಿನ ಬಣ್ಣಕ್ಕೆ ಬಂದಿತ್ತು. ನಾವು ಅಲ್ಲಿಯೇ ಇದ್ದೆವು. ಬೇರೆ ಮನೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ, “ಗಂಡಸ್ರು ಯಾರದಾರ್ರಿ?” ನಾನು ತಿಂಗಳು ತಿಂಗಳು ಬಾಡಿಗೆ ಕೊಟ್ಟೆ, ಪರಮೇಶಪ್ಪ ಎದುರಾದಾಗ ನಮಸ್ಕಾರವನ್ನೂ ಮಾಡಿದೆ.

ನಾವು ಹಾನಗಲ್ಲಿಗೆ ಹೋಗಿ ಬಂದ ಮರುವಾರ ಪರಮೇಶಪ್ಪನ ತಾಯಿ ಮಂಜವ್ವ ತೀರಿಕೊಂಡರು. ವಯಸ್ಸಾಗಿತ್ತು, ನಿದ್ದೆಯಲ್ಲಿಯೇ ಹೋದರು. ಪಡಸಾಲೆಯ ಗೋಡೆಗೆ ಅವರನ್ನು ಕೂಡಿಸಿ, ರೇಷ್ಮೆ ಸೀರೆ ಉಡಿಸಿ, ಎದುರಿಗೆ ಭಜನೆ ಮಾಡಿಸಿದರು. ಗೇಟಿನ ಎರಡೂ ಕದ ತೆರೆದಿದ್ದವು. ಬಂದವರಿಗೆ ನಾನೇ ಚಹಾ ಕಾಸಿದೆ. ಅತ್ತೆ ಹೆಂಗಸರ ನಡುವೆ ಕೂತು ಮಂಜವ್ವನ ಮುಖಕ್ಕಿಂತ ಹೆಚ್ಚು ಆ ಗೋಡೆಯನ್ನೇ ನೋಡುತ್ತಿದ್ದರು.

ಮಣ್ಣಾದ ಮೇಲೆ ಅಯ್ಯನವರು ಪಂಚಾಂಗ ತೆಗೆದು, ಪ್ರಾಣ ಹೋದ ನಕ್ಷತ್ರ ಕೆಟ್ಟದ್ದು, ಮನೆಯವರು ಮೂರು ತಿಂಗಳು ಆ ಮನೆ ಬಿಡಬೇಕು ಎಂದರು. ಸಾವಿಗೆ ಸೂತಕವಿಲ್ಲ ಎನ್ನುವ ಧರ್ಮ ನಮ್ಮದು. ಹಾಗೆಂದು ತರಗತಿಯಲ್ಲಿ ನಾನೇ ಪಾಠ ಮಾಡುತ್ತೇನೆ.

ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಬಾಗಿಲಿಗೆ ಬಂದರು.

“ಮೇಡಮ್ಮಾರ, ಒಂದ ಸಣ್ಣ ಅಡಚಣಿ,” ಎಂದ ಪರಮೇಶಪ್ಪ. “ಮೂರು ತಿಂಗಳ ನಾವು ನಿಮ್ಮ ಈ ಹಿಂದಿನ ಮನ್ಯಾಗ ಇರ್ತೇವಿ. ನೀವು ನಮ್ಮ ದೊಡ್ಡ ಮನ್ಯಾಗ ಇರ್ರಿ. ಖಾಲಿ ಬಿಟ್ರ ಕಳ್ಳರ ಕಾಟ. ಬಾಡಗಿ ಬ್ಯಾಡ. ಫ್ರಿಜ್ ಐತಿ, ಗೀಜರ್ ಐತಿ, ಆರಾಮ ಇರ್ರಿ.”

“ನಕ್ಷತ್ರ ನಮಗ ಬಡಿಯೂದಿಲ್ಲೇನ್ರಿ?” ಎಂದೆ.

ನಾಗರತ್ನಾ ನೆಲ ನೋಡಿದಳು. ಪರಮೇಶಪ್ಪ ಸಮಾಧಾನ ಹೇಳುವವನಂತೆ ದನಿ ಇಳಿಸಿದ.

“ನೀವು ಕಲಿತವ್ರು, ಇವೆಲ್ಲಾ ನಂಬೂದಿಲ್ಲ. ಮತ್ತ… ನಿಮಗ ಆಗೂದೆಲ್ಲಾ ಆಗಿ ಹೋಗೈತಲ್ರಿ. ಇನ್ನೇನ ಆಗಬೇಕು?”

ಅವನು ಅದನ್ನು ಕುಹಕದಿಂದ ಹೇಳಲಿಲ್ಲ. ಮರುಕದಿಂದ ಹೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಆತು, ಹೋಗ್ತೇವಿ,” ಎಂದರು.

ಪರಮೇಶಪ್ಪನ ಮುಖ ಅರಳಿತು.

“ಖರೆ ಒಂದ ಮಾತು. ಆ ಮೂರು ತಿಂಗಳದಾಗ ನಾ ಸತ್ರ, ನಿಮ್ಮವ್ವನ್ನ ಕೂಡ್ಸಿದ ಗ್ವಾಡಿಗೆ ನನ್ನೂ ಕೂಡಸಬೇಕು. ಗೇಟು ತಗದಿರಬೇಕು. ಹೂಂ ಅನ್ರಿ.”

“ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತು ಆಡ್ತೀರಿ, ಹುಚ್ಚವ್ವಾರ.”

“ಹೂಂ ಅನ್ರಿ. ಹೆಂಗೂ ಆ ಮನಿ ಕೆಟ್ಟೈತಲ್ಲ. ಇನ್ನೊಂದು ಹೆಣ ಕುಂತ್ರ ಏನಾತು?”

“ಅದು ಬ್ಯಾರೆ, ಇದು ಬ್ಯಾರೆ. ಅವ್ವ ಮನಿ ಯಜಮಾನ್ತಿ. ನೀವು…”

“ಬಾಡಗಿದಾರ್ರು.”

“ಹಂಗಲ್ರಿ. ಹಂಗೇನರ ಆರಾಮಿಲ್ಲಂದ್ರ ಮೊದಲ ದವಾಖಾನಿಗೆ ಸೇರಿಸಿಬಿಡೂಣು. ಅಲ್ಲಿಂದ ಅಲ್ಲೇ…”

ಅಲ್ಲಿಂದ ಅಲ್ಲೇ, ಮನೆ ಮುಟ್ಟದೆ ಮಣ್ಣಿಗೆ. ಎರಡು ವರ್ಷ ನನ್ನೊಳಗೆ ಏನೂ ಅಲುಗಾಡಿರಲಿಲ್ಲ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ಹೊರಗ ನಡೀರಿ.”

“ಏನಂದ್ರಿ?”

“ಈ ತಿಂಗಳ ಬಾಡಗಿ ಕೊಟ್ಟೇನಿ. ತಿಂಗಳ ಮುಗಿಯೂ ತನಕ ಈ ಹೊಚ್ಚಲಾ ನಂದು. ದಾಟು. ಹೊರಗ ನಡಿ.”

ನಾಗರತ್ನಾ ಗಂಡನ ತೋಳು ಹಿಡಿದು ಎಳೆದಳು. ಅವನು ಅಂಗಳದಲ್ಲಿ ನಿಂತು, ನೆರೆಯವರಿಗೂ ಕೇಳುವಂತೆ ಕೂಗಿದ. “ಹಂಗಾರ ತಿಂಗಳ ಮುಗದ್ರ ಖಾಲಿ ಮಾಡ್ರಿ! ಉಪಕಾರ ತಿಳೀದ ಮಂದಿ!”

ನಾನು ಅವನ ಎದುರಿಗೇ ಬಾನುಬಿಯವರಿಗೆ ಫೋನು ಮಾಡಿ ಮನೆ ನಾವು ತಗೊಳ್ಳುತ್ತೇವೆ ಎಂದೆ.

“ಸಿಟ್ಟಿನಾಗ ಬ್ಯಾಡವ್ವಾ,” ಎಂದರು ಅತ್ತೆ, ಕದ ಹಾಕಿದ ಮೇಲೆ. “ನನ್ನ ಸಲುವಾಗೂ ಬ್ಯಾಡ. ನೀ ಹೇಳಿದ್ದು ಖರೆ ಐತಿ.”

“ಸಿಟ್ಟಿನಾಗ ತಗೊಳ್ಳಾಕತ್ತೇನಿ, ಅತ್ತ್ಯಾರ. ಸಿಟ್ಟರ ಬಂತಲ್ಲ.”

ನಾನು ಬಸ್ಸಿನಲ್ಲಿ ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಾಗಿಲ್ಲ. ಇನ್ನು ದಿನವೂ ಬೆಳಿಗ್ಗೆ ಕತ್ತಲಿರುವಾಗಲೇ ಹಾನಗಲ್ಲಿನಿಂದ ಬಸ್ಸು ಹಿಡಿಯಬೇಕು. ಹಂಚು ಸೋರುತ್ತದೆ, ಬೈಯಲು ಯಾರೂ ಇರುವುದಿಲ್ಲ. ಔಷಧಕ್ಕೆ ಇದ್ದದ್ದು ಗೋಡೆಗೆ ಹೋಯಿತು. ಸಮಾಜಶಾಸ್ತ್ರ ಓದಿದವಳು ಹೆಣ ಕೂಡಿಸಲು ಮನೆ ಕೊಂಡಳು ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಅವರ್ಯಾರೂ ಗಂಡನನ್ನು ಗೇಟಿಗೆ ಕಟ್ಟಿದವರಲ್ಲ.

ನೋಂದಣಿ ಮುಗಿದು ಕೀಲಿಕೈ ಕೊಡುವಾಗ ಬಾನುಬಿ, “ನಿಮ್ಮೊಳಗ ಛಲೋ ದಿನಾ ನೋಡ್ತೀರಲ್ಲ, ನೋಡಿ ಬರ್ರಿ ಮತ್ತ,” ಎಂದರು.

“ನೋಡೂದಿಲ್ರಿ,” ಎಂದೆ. ಟೆಂಪೋ ಖಾಲಿ ಇದ್ದ ದಿನವೇ ನಮ್ಮ ದಿನ.

ಅಷ್ಟು ದಿನ ಬೀಗರ ಮನೆಯಲ್ಲಿದ್ದ ಪರಮೇಶಪ್ಪನ ಮನೆಯವರಿಗೆ ಅವಸರವಿತ್ತು. ನಮ್ಮ ಸಾಮಾನು ಟೆಂಪೋ ಏರುವಷ್ಟರಲ್ಲಿ ಅವರ ಗಾದಿ, ದೇವರ ಪೆಟ್ಟಿಗೆ ಅಂಗಳಕ್ಕೆ ಬಂದವು. ನಾಗರತ್ನಾ ಹಿಂದಿನ ಮನೆಯಲ್ಲಿ ಹಾಲು ಉಕ್ಕಿಸಲೆಂದು ಹೊಸ ಪಾತ್ರೆ ಹಿಡಿದು ನಿಂತಿದ್ದಳು.

“ಎಲ್ಲಾ ತಗೊಂಡ್ರ್ಯಾ?” ಎಂದು ಕೇಳಿದಳು.

“ಒಂದ ಉಳದೈತಿ,” ಎಂದರು ಅತ್ತೆ.

ಅವರು ಹಿತ್ತಲಿಗೆ ಹೋದರು. ಕುರ್ಚಿಯ ಮೇಲೆ ಒಂದು ಕೊಡ ನೀರು ಸುರಿದರು. ಸೆರಗಿನಿಂದ ಒರೆಸಿದರು. ಅದನ್ನು ಎತ್ತಿಕೊಂಡು ನಮ್ಮ ಬರಿದಾದ ಮನೆಯೊಳಗೆ ಹೋಗಿ ಬಾಗಿಲಿಗೆ ಎದುರಾದ ಗೋಡೆಗೆ ಆನಿಸಿದರು. ಸೊಂಟದಿಂದ ಒಂದು ಟವೆಲು ತೆಗೆದು ಕುರ್ಚಿಯ ಬೆನ್ನಿಗೆ ಕಟ್ಟಿದರು. ಆನಂದನನ್ನು ಗೇಟಿಗೆ ಕಟ್ಟಿದ್ದ ಆ ಟವೆಲನ್ನು ಅವರು ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಮೂರು ಬೆರಳಿನಿಂದ ಕುರ್ಚಿಗೆ ವಿಭೂತಿ ಎಳೆದರು. ಕದವನ್ನು ಪೂರ್ತಿ ತೆರೆದಿಟ್ಟು ಹೊರಗೆ ಬಂದರು.

“ನಿಮ್ಮ ಕುರ್ಚಿ ಒಳಗ ಇಟ್ಟೇನಿ. ನನ್ನ ಮಗ ಒಳಗ ಬಂದ,” ಎಂದರು. “ಈಗ ಮನಿ ಖಾಲಿ ಐತಿ. ಬರ್ರಿ.”

ನಾಗರತ್ನಾ ಹೊಸ್ತಿಲ ಬಳಿ ನಿಂತಳು. ಕಾಲು ಮೇಲೇಳಲಿಲ್ಲ.

“ಏಯ್, ಅದನ್ನ ತಗೀರಿ ಮೊದಲ!” ಪರಮೇಶಪ್ಪ ಕೂಗಿದ. “ಯಾರರ ತಗೀರಿ ಅದನ್ನ!”

“ನೀವ ತಗೀರಿ,” ಎಂದೆ. “ಕೊಟ್ಟವ್ರು ನೀವ ಅಲ್ರಿ?”

ಅವನು ಒಂದು ಹೆಜ್ಜೆ ಇಟ್ಟ. ಅಲ್ಲಿಯೇ ನಿಂತ.

ನಾವು ಟೆಂಪೋ ಹತ್ತಿದೆವು. ಅತ್ತೆ ಟ್ರಂಕಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ಗಾಡಿ ಗೇಟು ದಾಟಿ ರಸ್ತೆಗೆ ತಿರುಗುವಾಗ ಅವರು ಹಿಂದೆ ನೋಡಲಿಲ್ಲ, ನನ್ನ ಮೊಣಕೈ ತಿವಿದರು.

“ನೋಡು, ರಸ್ತೇದಿಂದ ಕಾಣ್ತೈತೇನು?”

ಗೇಟು ತೆರೆದಿತ್ತು. ದೊಡ್ಡ ಮನೆಯ ಪಕ್ಕದ ಸಂದಿಯ ತುದಿಯಲ್ಲಿ ನಮ್ಮ ಬಾಗಿಲು ತೆರೆದಿತ್ತು. ಒಳಗೆ ಗೋಡೆಗೆ ಆನಿಕೊಂಡು ಕುರ್ಚಿ ಕೂತಿತ್ತು.

“ಕಾಣ್ತೈತ್ರಿ,” ಎಂದೆ.