ಓಡಿಹೋದವನ ಕಾರ್ಡು

ವೀಸಾದ ವೈದ್ಯಕೀಯ ತಪಾಸಣೆ ನಡೆಸುವ ಆ ಕ್ಲಿನಿಕ್ಕಿಗೆ ಕಾಲಿಟ್ಟ ಐದೇ ನಿಮಿಷದಲ್ಲಿ ದೊಡ್ಡ ಸಿಸ್ಟರ್ ಮನಸ್ಸಿನೊಳಗೇ ಅದನ್ನು ಮುಚ್ಚಿಸಿ ಬೀಗ ಜಡಿದಿದ್ದಳು. ಕೈ ತೊಳೆಯುವ ಜಾಗದಲ್ಲಿ ಸೋಪಿಲ್ಲ. ಕಿಟಕಿಗಳೆಲ್ಲ ಭದ್ರ. ನಲವತ್ತು ಜನ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಕುಳಿತಿದ್ದಾರೆ, ಎದುರಿನ ಗೋಡೆಯ ಮೇಲೆ ಮಾತ್ರ ಆರೋಗ್ಯವೇ ಭಾಗ್ಯ ಎಂದು ಬರೆದ ಬೋರ್ಡು ನೇತಾಡುತ್ತಿದೆ. ಭಾಗ್ಯ ಇದ್ದವರು ಇಲ್ಲಿಗೆ ಯಾಕೆ ಬರುತ್ತಾರೆ ಎಂದುಕೊಂಡು ಅವಳು ಮೂಗು ಮುರಿದಳು.

ಮೂವತ್ತೈದು ವರ್ಷ ಕ್ಷಯರೋಗದ ವಾರ್ಡಿನಲ್ಲಿ ದುಡಿದವಳು. ಕೊನೆಯ ಹದಿನೈದು ವರ್ಷ ಆ ವಾರ್ಡಿಗೆ ಅವಳೇ ಮುಖ್ಯಸ್ಥೆ. ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ದೊಡ್ಡ ಸಿಸ್ಟರ್ ಎಂಬ ಹೆಸರು ಬಿಟ್ಟುಹೋಗಿರಲಿಲ್ಲ. ಬೀದಿಯ ಕೊನೆಯ ಔಷಧಿ ಅಂಗಡಿಯವನು ಇವತ್ತಿಗೂ ಅವಳನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಇಲ್ಲಿ ಕೌಂಟರಿನ ಹುಡುಗಿ ಅವಳನ್ನು ತಲೆಯೆತ್ತಿ ನೋಡದೆ “ಆಂಟಿ, ಹೆಬ್ಬೆಟ್ಟು” ಎಂದಳು. ಆಂಟಿಯಂತೆ. ಮೈಯೆಲ್ಲ ಉರಿದುಹೋಯಿತು. ಆದರೂ ಬೆರಳನ್ನು ಯಂತ್ರದ ಮೇಲೆ ಒತ್ತಿದಳು, ಕ್ಯಾಮೆರಾದ ಮುಂದೆ ಕನ್ನಡಕ ತೆಗೆದು ಪೆಚ್ಚುಮೋರೆಯಲ್ಲಿ ಕುಳಿತಳು. ಗರಜು ಅವಳದು.

ಗರಜೇನೂ ಸಣ್ಣದಲ್ಲ. ಸಮುದ್ರದಾಚೆಯ ದೇಶದಲ್ಲಿ ಬೇಕರಿಯೊಂದರಲ್ಲಿ ಒಲೆಯ ಮುಂದೆ ನಿಂತು ಇಪ್ಪತ್ತು ವರ್ಷ ಕಳೆದ ತಂಗಿ, ಅಕ್ಕನನ್ನು ತನ್ನಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿ ಹದಿಮೂರು ವರ್ಷವಾಗಿತ್ತು. ಇಷ್ಟು ದಿನ ಆಮೆಯ ಹಾಗೆ ಬಂದ ಅರ್ಜಿ ಈಗ ಕೊನೆಯ ಮೆಟ್ಟಿಲಿಗೆ ಬಂದಿತ್ತು. ಅಷ್ಟರಲ್ಲಿ ತಂಗಿಯ ಗಂಡ ತೀರಿಕೊಂಡಿದ್ದ; ಈಗ ಅವಳ ಕಣ್ಣಿನ ನರವೂ ಒಣಗುತ್ತಿತ್ತು. ಇನ್ನು ನಾಲ್ಕೈದು ತಿಂಗಳು, ಆಮೇಲೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ ಎಂದು ಅಲ್ಲಿಯ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಬಂದರೆ ಬೇಗ ಬಾ ಅಕ್ಕ, ನಿನ್ನ ಮುಖ ಒಂದು ಸಲ ಸರಿಯಾಗಿ ನೋಡಿಬಿಡ್ತೀನಿ ಎಂದು ತಂಗಿ ಫೋನಿನಲ್ಲಿ ಹೇಳಿದ್ದಳು. ಅದಕ್ಕೇ ಈ ಬೆಪ್ಪುತಕ್ಕಡಿಗಳ ಮುಂದೆ ಹೆಬ್ಬೆಟ್ಟು ಒತ್ತುವುದು.

ಅರ್ಜಿದಾರರೂ ಅವಳ ಕಣ್ಣಿಗೆ ಬೀಳದೆ ಹೋಗಲಿಲ್ಲ. ಒಬ್ಬ ಎಕ್ಸ್‌ರೇ ಕೋಣೆಗೆ ಹೋಗುವ ಮುಂಚೆ ಕನ್ನಡಿ ನೋಡಿ ತಲೆ ಬಾಚಿಕೊಂಡ. ಪಕ್ಕೆಲುಬಿಗೂ ಕ್ರಾಪು ಇದೆ ಎಂದುಕೊಂಡಿದ್ದಾನೋ ಏನೋ. ಇನ್ನೊಬ್ಬಳು ಮೂತ್ರದ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗವುಚಿಕೊಂಡು ಓಡಾಡುತ್ತಿದ್ದಳು. ಬಿ.ಪಿ. ನೋಡುವವಳು ಪಟ್ಟಿಯನ್ನು ದಪ್ಪ ತೋಳಂಗಿಯ ಮೇಲೆಯೇ ಸುತ್ತಿದಾಗ ದೊಡ್ಡ ಸಿಸ್ಟರ್‌ಗೆ ತಡೆಯಲಾಗಲಿಲ್ಲ. ತಾನೇ ತೋಳು ಮೇಲೇರಿಸಿ, ಪಟ್ಟಿಯನ್ನು ಮೊಣಕೈಗಿಂತ ಎರಡು ಬೆರಳು ಮೇಲೆ ಕಟ್ಟಿಕೊಂಡು, ಈಗ ಒತ್ತು ಎಂದಳು. ಆ ಹುಡುಗಿ ಹಲ್ಲು ಕಿರಿದು ಒತ್ತಿದಳು. ಸರಿಪಡಿಸಿದ್ದಕ್ಕೆ ಥ್ಯಾಂಕ್ಸಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ನನ್ನ ವಾರ್ಡಿನಲ್ಲಾಗಿದ್ದರೆ ಇಂಥವಳ ಬೆವರಿಳಿಸಿ ಮನೆಗೆ ಕಳಿಸುತ್ತಿದ್ದೆ ಎಂದು ಅವಳು ಲೆಕ್ಕ ಹಾಕಿದಳು.

ಫಾರಂ ತುಂಬುವಾಗ ಮಾತ್ರ ಪೆನ್ನು ಒಂದು ಕ್ಷಣ ನಿಂತಿತು. ನಿಮಗೆ ಎಂದಾದರೂ ಕ್ಷಯರೋಗ ಬಂದಿತ್ತೇ, ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆ. ಕೆಳಗೆ ದಪ್ಪಕ್ಷರದಲ್ಲಿ, ಸುಳ್ಳು ಹೇಳಿದವರ ಅರ್ಜಿ ಶಾಶ್ವತವಾಗಿ ತಿರಸ್ಕೃತ ಎಂಬ ಬೆದರಿಕೆ. ದಾಖಲೆಯಲ್ಲಿಲ್ಲದ್ದು ನಡೆದೇ ಇಲ್ಲ ಎನ್ನುವುದು ವಾರ್ಡಿನಲ್ಲಿ ಅವಳು ಹೊಸಬರಿಗೆ ಕಲಿಸುತ್ತಿದ್ದ ಮೊದಲ ಪಾಠ. ಅದನ್ನೇ ನೆನೆದು ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದಳು. ಮೂವತ್ತೈದು ವರ್ಷ ಕಾಯಿಲೆ ಮುಚ್ಚಿಟ್ಟ ರೋಗಿಗಳ ಮೇಲೆ ಎಗರಾಡಿದ ಕೈ ಅದು, ಗುರುತು ನೇರವಾಗಿಯೇ ಬಿತ್ತು.

ಎಕ್ಸ್‌ರೇ ತೆಗೆಯುವವನು ಒಂದು ಸಲ ತೆಗೆದ. ಸ್ವಲ್ಪ ಹೊತ್ತು ಒಳಗಿದ್ದ. ಹೊರಬಂದು ಇನ್ನೊಂದು ಸಲ ನಿಂತುಕೊಳ್ಳಿ, ಈ ಸಲ ಭುಜ ಇನ್ನೂ ಮುಂದೆ ಎಂದ. ಎರಡನೆಯ ಸಲ ಯಾಕೆ ತೆಗೆಯುತ್ತಾರೆ ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರು ಮೂವತ್ತು ದಾಟದ ಹೆಂಗಸು. ಮೇಜಿನ ಮೇಲೆ ಅರ್ಧ ಕುಡಿದ ಟೀ, ಕಂಪ್ಯೂಟರಿನಲ್ಲಿ ದೊಡ್ಡ ಸಿಸ್ಟರ್‌ಳ ಎದೆಗೂಡು. ಇವಳೂ ಕಾಟಾಚಾರಕ್ಕೆ ಬಟ್ಟೆಯ ಮೇಲೆ ಸ್ಟೆತಾಸ್ಕೋಪು ಮುಟ್ಟಿಸಿ ಕಳಿಸುತ್ತಾಳೆ ಎಂದು ಅವಳು ಕಾದಳು, ಕಳಿಸಲಿ ಎಂದು ಆಸೆಯನ್ನೂ ಪಟ್ಟಳು. ಆದರೆ ಆ ಹುಡುಗಿ ಎದ್ದು ಬಂದು, ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಬಟ್ಟೆ ಸರಿಸಿ, ಬಲಭುಜದ ಹಿಂದೆ ಸರಿಯಾಗಿ ಆ ಜಾಗಕ್ಕೇ ಇಟ್ಟಳು. ಉಸಿರೆಳೆದುಕೊಳ್ಳಿ ಎಂದಳು. ಬೆಳಗಿನಿಂದ ಎಲ್ಲರಿಗೂ ಸೊನ್ನೆ ಹಾಕುತ್ತ ಬಂದವಳಿಗೆ ಇಲ್ಲಿ ತೆಗಳಲು ಏನೂ ಸಿಗಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಅಸಹನೀಯವಾಯಿತು.

“ಮೇಲ್ಭಾಗದಲ್ಲಿ ಹಳೇ ಕಲೆ ಇದೆ,” ಎಂದಳು ಡಾಕ್ಟರು ಕುಳಿತುಕೊಳ್ಳುತ್ತ. “ಚೆನ್ನಾಗಿ ವಾಸಿಯಾಗಿದೆ. ಯಾರೋ ಒಂದು ದಿನಾನೂ ತಪ್ಪಿಸದೆ ಮಾತ್ರೆ ತಗೊಂಡಿದ್ದಾರೆ. ನೀವು ಇಲ್ಲ ಅಂತ ಬರೆದಿದ್ದೀರಲ್ಲ, ಅಮ್ಮ?”

ದೊಡ್ಡ ಸಿಸ್ಟರ್ ಮೊದಲು ತಿಪ್ಪೆ ಸಾರಿಸಲು ನೋಡಿದಳು. ಚಿಕ್ಕಂದಿನಲ್ಲಿ ನ್ಯುಮೋನಿಯಾ ಆಗಿತ್ತು ಎಂದಳು. ಡಾಕ್ಟರು ಅವಳನ್ನೇ ನೋಡಿದಳು. ಈ ನೋಟ ದೊಡ್ಡ ಸಿಸ್ಟರ್‌ಗೆ ಗೊತ್ತಿತ್ತು. ರೋಗಿ ಬುರುಡೆ ಬಿಡುವಾಗ ತಾನೂ ಹೀಗೆಯೇ ನೋಡುತ್ತಿದ್ದಳು. ಹೇಗಿದ್ದರೂ ಕಫದ ಪರೀಕ್ಷೆ ಮಾಡಿಸಲೇಬೇಕು, ಎಂಟು ವಾರ ಕಾಯಲೇಬೇಕು ಎಂದು ಡಾಕ್ಟರು ತಿಳಿಸಿದಳು. ಆದರೆ ಫಾರಂ ಇನ್ನೂ ತನ್ನ ಮೇಜಿನ ಮೇಲಿದೆ, ತಿದ್ದಬಹುದು. ಹೌದು ಎಂದಾದರೆ ಎಲ್ಲಿ, ಯಾವಾಗ, ಯಾವ ಕಾರ್ಡು ಎಂದು ಬರೆಯಬೇಕು. ಇಲ್ಲ ಎಂದೇ ಇಟ್ಟರೆ ಅರ್ಜಿದಾರರು ಒಪ್ಪುತ್ತಿಲ್ಲ, ಚಿತ್ರ ಬೇರೆ ಹೇಳುತ್ತದೆ ಎಂದು ತಾನು ಬರೆಯಬೇಕಾಗುತ್ತದೆ. ಮುಂದಿನದು ವೀಸಾ ಕಚೇರಿಗೆ ಬಿಟ್ಟದ್ದು.

ಎಂಟು ವಾರ ಹೋದರೂ ತಂಗಿಯ ಕಣ್ಣಿನಲ್ಲಿ ಇನ್ನೂ ಎರಡು ತಿಂಗಳು ಉಳಿಯುತ್ತದೆ. ಅರ್ಜಿ ತಿರಸ್ಕಾರವಾದರೆ ಏನೂ ಉಳಿಯುವುದಿಲ್ಲ. ದೊಡ್ಡ ಸಿಸ್ಟರ್ ಆಸ್ಪತ್ರೆಯ ಹೆಸರು, ವರ್ಷ, ಕಾರ್ಡಿನ ನಂಬರನ್ನು ಒಂದೇ ಉಸಿರಿಗೆ ಹೇಳಿದಳು. ಮೂವತ್ತೊಂದು ವರ್ಷವಾದರೂ ನಂಬರು ಮರೆತಿರಲಿಲ್ಲ.

“ಕಾರ್ಡು ನಿಮ್ಮ ಹೆಸರಲ್ಲೇ ಇದೆ ತಾನೆ?”

“ಇಲ್ಲ, ಡಾಕ್ಟ್ರೇ.”

ಮುಂದಿನದನ್ನು ಅವಳು ಗೋಡೆ ನೋಡುತ್ತ ಹೇಳಿದಳು. ಆಗ ಅವಳಿಗೆ ಮೂವತ್ತಮೂರು. ಕೆಮ್ಮು ಬಿಡದೆ ಇದ್ದಾಗ ಲ್ಯಾಬಿನವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಾಗದ ಹಾಗೆ ಪರೀಕ್ಷೆ ಮಾಡಿಸಿದಳು. ಕಾಯಿಲೆ ಬಂದ ಸಿಬ್ಬಂದಿಯನ್ನು ಕ್ವಾರ್ಟರ್ಸಿನಿಂದ ಖಾಲಿ ಮಾಡಿಸುತ್ತಿದ್ದರು, ಊರಿಗೆಲ್ಲ ಸುದ್ದಿಯಾಗುತ್ತಿತ್ತು. ತಂಗಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು. ಇಂಥ ಹೊತ್ತಿಗೆ ಆ ವಾರ್ಡಿನ ನರ್ಸುಗಳು ಒಂದು ದಾರಿ ಕಂಡುಕೊಂಡಿದ್ದರು: ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಓಡಿಹೋದ ರೋಗಿಯ ಕಾರ್ಡಿನಲ್ಲಿ ಮಾತ್ರೆ ತೆಗೆದು ತಾವು ನುಂಗುವುದು. ದಿನಾ ಕಾರ್ಡಿನಲ್ಲಿ ಬಂದ, ನುಂಗಿದ ಎಂದು ಗುರುತು. ಆ ತಿಂಗಳು ಓಡಿಹೋದವರು ಮೂರು ಜನ. ಮಾತ್ರೆಯ ಪ್ರಮಾಣ ಮೈತೂಕದ ಮೇಲೆ ನಿಂತಿರುವುದರಿಂದ, ಮೂವರಲ್ಲಿ ತನ್ನಷ್ಟೇ ತೂಕದ ಒಬ್ಬನನ್ನು ಅವಳು ಆರಿಸಿಕೊಂಡಳು. ಗಾಡಿ ಎಳೆಯುವವನು. ಒಂಬತ್ತು ದಿನ ಬಂದು ಕಾಣೆಯಾಗಿದ್ದ. ಹತ್ತನೆಯ ದಿನದಿಂದ ಅವನ ಕಾರ್ಡಿನಲ್ಲಿ ಅವಳು ವಾಸಿಯಾಗತೊಡಗಿದಳು.

ಡಾಕ್ಟರು ಬರೆಯುತ್ತಿದ್ದವಳು ನಿಲ್ಲಿಸಿದಳು. “ಮೂರು ದಿನ ಬರದಿದ್ದರೆ ಮನೆಗೆ ಜನ ಕಳಿಸ್ತಿದ್ರಲ್ಲ ನೀವು?”

“ಕಳಿಸ್ತಿದ್ವಿ.”

“ಇವನ ಮನೆಗೆ?”

ಇವನ ಮನೆಗೆ ಯಾಕೆ ಕಳಿಸುತ್ತಾರೆ? ಕಾರ್ಡಿನ ಪ್ರಕಾರ ಅವನು ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿದ್ದ. ಇಡೀ ವಾರ್ಡಿನಲ್ಲಿ ಅವನಷ್ಟು ಶಿಸ್ತಿನ ರೋಗಿ ಇನ್ನೊಬ್ಬನಿರಲಿಲ್ಲ. ಕೊನೆಗೆ ಗುಣವಾಯಿತು ಎಂದು ಬರೆದು ಮುಚ್ಚಿದ ಕೈಯೂ ಅವಳದೇ. ಓಡಿಹೋದವನು ಹೇಗಿದ್ದರೂ ಇನ್ನೊಂದು ಸಲ ಓಡುತ್ತಿದ್ದ, ಅಂಥವರಿಗೆ ಯಾರು ಹೊಣೆ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಈಗ ಅದನ್ನೇ ಡಾಕ್ಟರಿಗೆ ಹೇಳಲು ಬಾಯಿ ತೆರೆದಳು.

“ಮನೇಲಿ ಯಾರ್ಯಾರಿದ್ರು ಅಂತ ಕಾರ್ಡಲ್ಲಿ ಬರೀತಾರಲ್ಲ,” ಎಂದಳು ಡಾಕ್ಟರು ಮೆಲ್ಲಗೆ.

“ಹೆಂಡತಿ. ತಾಯಿ. ಎರಡು ಮಕ್ಕಳು. ಚಿಕ್ಕದಕ್ಕೆ ಎಂಟು ತಿಂಗಳು.” ಆಮೇಲೆ ಕೇಳದಿದ್ದರೂ ಹೇಳಿದಳು, “ನಾನೇ ಬರೆದಿದ್ದು.”

ಬೈಗುಳಕ್ಕಾಗಿ ಕಾದಳು. ತಾನಾಗಿದ್ದರೆ ಇಂಥವಳನ್ನು ನಿಂತ ನಿಲುವಿನಲ್ಲಿ ನೀರಿಳಿಸಿ, ಪಕ್ಕದ ಕೋಣೆಗೂ ಕೇಳುವ ಹಾಗೆ ಮಾನ ಹರಾಜು ಹಾಕಿ ಬಿಡುತ್ತಿದ್ದಳು. ಆ ಹುಡುಗಿ ಫಾರಂ ತಿರುಗಿಸಿ ಇಲ್ಲಿ ಸಹಿ ಎಂದು ಬೆರಳು ತೋರಿಸಿದಳು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಕಫ ಶುದ್ಧವಾಗಿ ಬಂದರೆ ವೀಸಾಕ್ಕೆ ಇದು ಅಡ್ಡಿಯಾಗಲಿಕ್ಕಿಲ್ಲ, ನಾಳೆಯಿಂದ ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಳು. ಅಷ್ಟೇ. ಆಡಬೇಕಾಗಿದ್ದ ಮಾತುಗಳನ್ನೆಲ್ಲ ದೊಡ್ಡ ಸಿಸ್ಟರ್ ಮೆಟ್ಟಿಲಿಳಿಯುತ್ತ ತನಗೆ ತಾನೇ ಆಡಿಕೊಳ್ಳಬೇಕಾಯಿತು. ಅದರಲ್ಲಿ ಅವಳಿಗೆ ಮೂವತ್ತೈದು ವರ್ಷದ ಅಭ್ಯಾಸವಿತ್ತು, ಒಂದು ಪದವೂ ಕಡಿಮೆ ಬೀಳಲಿಲ್ಲ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ತಂಗಿಗೆ ಫೋನು ಮಾಡಿದಳು. ಎಂಟು ವಾರ ತಡವಾಗುತ್ತದೆ ಎಂದು ಮಾತ್ರ ಹೇಳಿ ಇಟ್ಟುಬಿಡುವುದು ಎಂದುಕೊಂಡಿದ್ದಳು. ಯಾಕೆ ಎಂದು ತಂಗಿ ಕೇಳಿದಳು. ಒಂದು ಎಳೆ ಬಿಚ್ಚಿದ್ದೇ ಇಡೀ ಕಥೆ ಬಿಚ್ಚಿಕೊಂಡಿತು, ಕಾಯಿಲೆ, ಕಾರ್ಡು, ಗಾಡಿಯವನು, ಎಂಟು ತಿಂಗಳ ಕೂಸು.

“ನಿನ್ನ ಮದುವೆ ಮಾತುಕತೆ ಆಗ್ತಿತ್ತು,” ಎಂದು ದೊಡ್ಡ ಸಿಸ್ಟರ್ ಶುರು ಮಾಡಿದಳು.

“ಅಕ್ಕ, ನನಗೋಸ್ಕರ ಅಂತ ಮಾತ್ರ ಹೇಳಬೇಡ.”

ಅದನ್ನೇ ಹೇಳಲು ಹೊರಟಿದ್ದಳು. ತಾನೇ ಎತ್ತಿ ಆಡಿಸಿ ಬೆಳೆಸಿದ ತಂಗಿ, ಒಂದು ದಿನವೂ ಅವಳಿಗೆ ಎದುರು ನಿಂತವಳಲ್ಲ.

“ಎಂಟು ವಾರ ಇದೆಯಲ್ಲ,” ಎಂದಳು ತಂಗಿ. “ಅವರ ಮನೆ ಎಲ್ಲಿತ್ತು ಅಂತ ಗೊತ್ತಾ?”

ಗೊತ್ತಿತ್ತು. ರೈಲು ಸೇತುವೆಯ ಕೆಳಗಿನ ಸಾಲು, ಕೊನೆಯಿಂದ ಮೂರನೆಯ ಮನೆ. ವಿಳಾಸದ ಜಾಗದಲ್ಲಿ ಅದನ್ನೂ ಅವಳೇ ಬರೆದಿದ್ದಳು. ಅದೆಲ್ಲ ಈಗ ಎಲ್ಲಿರುತ್ತದೆ, ಮೂವತ್ತೊಂದು ವರ್ಷ, ಹುಡುಕಿದರೂ ಸಿಗುವುದಿಲ್ಲ ಎಂದಳು.

“ಸಿಗದಿದ್ದರೆ ಸಿಗಲಿಲ್ಲ ಅಂತ ಬಂದು ಹೇಳು. ಹುಡುಕದೆ ಬರಬೇಡ.”

“ನಿನ್ನ ಕಣ್ಣು...”

“ನನ್ನ ಕಣ್ಣಿನ ವಿಷಯ ಬಿಡು. ನಾನೀಗ ಕೆಲಸಕ್ಕೆ ಹೋಗಬೇಕು.” ತಂಗಿ ಫೋನಿಟ್ಟಳು.

ದೊಡ್ಡ ಸಿಸ್ಟರ್ ಮನೆಯ ಕಡೆ ಹೋಗುವ ಎರಡು ಬಸ್ಸು ಬಿಟ್ಟಳು. ಆಮೇಲೆ ಪಕ್ಕದಲ್ಲಿ ಪೇಪರು ಓದುತ್ತಿದ್ದವನನ್ನು, ರೈಲು ಸೇತುವೆ ಕೆಳಗೆ ಮನೆಗಳ ಸಾಲೊಂದಿತ್ತಲ್ಲ, ಅಲ್ಲಿಗೆ ಯಾವ ಬಸ್ಸು ಎಂದು ಕೇಳಿದಳು. ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಯಾವ ಕಾಲದಲ್ಲಿದ್ದೀರಮ್ಮ, ಅಲ್ಲೆಲ್ಲ ಈಗ ಗೋಡೌನು, ಒಂದು ನರಪಿಳ್ಳೆ ಇರುವುದಿಲ್ಲ ಎಂದು ನಕ್ಕ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು.

“ಗೊತ್ತು,” ಎಂದಳು. “ಬಸ್ಸು ಯಾವುದು ಹೇಳಿ.”