ಹೊಡೆದು ಹಾಕಿದ ನಲವತ್ತು

"ಇದನ್ನ ಹೊಡೆದು ಹಾಕು ಅಂತ ನಿನಗೆ ಯಾರಮ್ಮಾ ಹೇಳಿದ್ದು?"

ಗಣಿತದ ಮೇಡಂ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದರು. ಎದುರಿಗೆ ನಿಂತಿದ್ದ ಒಂಬತ್ತನೇ ತರಗತಿಯ ಹುಡುಗಿ ನೆಲ ನೋಡಿದಳು. ಹೋಗುವಾಗ ಗಂಟೆಗೆ ಮೂವತ್ತು ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ ಅರವತ್ತು. ಒಟ್ಟು ಪ್ರಯಾಣದ ಸರಾಸರಿ ವೇಗವೆಷ್ಟು? ನಲವತ್ತು ಎಂದು ದುಂಡಗೆ ಬರೆದು, ಆಮೇಲೆ ಅದಕ್ಕೆ ಅಡ್ಡಗೀಟು ಎಳೆದು ಸುಮ್ಮನೆ ಕೂತಿದ್ದಳು ಪುಣ್ಯಾತ್ಗಿತ್ತಿ.

"ಪಕ್ಕದವನು ನಲವತ್ತೈದು ಬರೆದಿದ್ದ ಮೇಡಂ. ನನಗೆ ಅಷ್ಟು ಬೇಗ ಬಂತಲ್ಲ, ತಪ್ಪೇ ಇರ್ಬೇಕು ಅನ್ನಿಸ್ತು."

ಮೇಡಂ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ವರ್ಷ ವರ್ಷವೂ ಇದೇ ಗೋಳು. ಹುಡುಗರು ತಪ್ಪನ್ನೂ ಎದೆಯುಬ್ಬಿಸಿ ಬರೆಯುತ್ತಾರೆ, ಈ ಹೆಣ್ಣುಮಕ್ಕಳು ಸರಿ ಉತ್ತರ ಬಂದರೂ ಏನೋ ಕದ್ದವರ ಹಾಗೆ ಬೆವರುತ್ತಾರೆ. ಗಣಿತ ಸ್ಪರ್ಧೆಗೆ ಹೋಗುವ ಶಾಲೆಯ ತಂಡದಲ್ಲಿ ಇನ್ನು ಒಂದೇ ಜಾಗ. ಉಳಿದ ಲೆಕ್ಕಗಳಲ್ಲಿ ಇವಳೂ ಆ ಪಕ್ಕದವನೂ ಸರಿಸಮ. ಈ ಒಂದು ಲೆಕ್ಕ ಇವಳನ್ನು ದಡ ಸೇರಿಸಬೇಕಿತ್ತು.

ಅಷ್ಟರಲ್ಲಿ ಹಿರಿಯ ಮೇಷ್ಟ್ರು ಒಳಗೆ ಬಂದರು. ತಂಡದ ಹೆಸರುಗಳನ್ನು ಕಳಿಸುವವರು ಅವರೇ. ನಿಂತಲ್ಲೇ ಪ್ರಶ್ನೆಯ ಮೇಲೆ, ಮೇಜಿನ ಮೇಲಿದ್ದ ಆ ಹುಡುಗನ ಪತ್ರಿಕೆಯ ಮೇಲೆ ಕಣ್ಣು ಹಾಯಿಸಿದರು.

"ಮೂವತ್ತು, ಅರವತ್ತು. ನಲವತ್ತೈದು. ಇದರಲ್ಲೇನಿದೆ? ಹುಡುಗನ್ನೇ ಕಳಿಸಿದ್ರಾಯ್ತು."

"ನಾನು ನಲವತ್ತು ಅಂದ್ಕೊಂಡಿದ್ದೆ ಸರ್," ಎಂದರು ಮೇಡಂ. "ನಾನೇ ತಪ್ಪಿರಬಹುದು. ಇನ್ನೊಂದ್ಸಲ ನೋಡ್ತೀನಿ."

ಮೇಷ್ಟ್ರು ತಲೆಯಾಡಿಸಿ ಬಾಗಿಲ ಕಡೆ ತಿರುಗಿದರು.

ಮಾತು ಬಾಯಿಂದ ಜಾರಿದ ಮೇಲೆ ಅದು ಮೇಡಂ ಅವರ ಕಿವಿಗೇ ಕೇಳಿಸಿತು. ಇನ್ನೊಂದು ಸಲ ನೋಡುವುದಕ್ಕೇನಿತ್ತು ಮಣ್ಣು? ಈ ಲೆಕ್ಕವನ್ನು ಅವರು ನಿದ್ದೆಗಣ್ಣಲ್ಲೂ ಬಿಡಿಸಬಲ್ಲರು. ಹುಡುಗಿ ಈಗ ನೆಲ ನೋಡುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದಳು. ನಾಚಿಕೆಗೂ ಸಿಟ್ಟಿಗೂ ಮೇಡಂ ಮುಖ ಕೆಂಪಾಯಿತು.

"ಸರ್, ಸ್ವಲ್ಪ ನಿಲ್ಲಿ. ಇವಳು ಹೇಳ್ತಾಳೆ ಕೇಳಿ. ಹೇಳಮ್ಮಾ, ಹೆದರಬೇಡ."

ಹುಡುಗಿ ಕದಲಲಿಲ್ಲ.

"ಮೊದಲು ನೀವು ಹೇಳಿ ಮೇಡಂ."

ಮೇಡಂ ಎದ್ದು ನಿಂತರು.

"ತಪ್ಪು ನಂದಲ್ಲ ಸರ್, ನಿಮ್ಮದು. ದೂರ ಅರವತ್ತು ಕಿಲೋಮೀಟರ್ ಅಂತಿಟ್ಕೊಳ್ಳಿ."

"ಹೋಗೋಕೆ ಎರಡು ಗಂಟೆ," ಎಂದಳು ಹುಡುಗಿ, "ಬರೋಕೆ ಒಂದೇ. ಒಟ್ಟು ನೂರಿಪ್ಪತ್ತು ಕಿಲೋಮೀಟರ್‌ಗೆ ಮೂರು ಗಂಟೆ."

ಮೇಷ್ಟ್ರು ಬಾಗಿಲ ಹಿಡಿಯಿಂದ ಕೈ ತೆಗೆದು, ಬೆರಳು ಮಡಿಸತೊಡಗಿದರು.