ಅತ್ತೆಯ ಬೇರುಗಳ ಮೇಲೆ ಸಿಮೆಂಟು

ಎಡವಿದ್ದು ಅವರು, ಬೈಸಿಕೊಂಡಿದ್ದು ನಮ್ಮ ಮರ. ಇಂಥ ನ್ಯಾಯವನ್ನು ಎಲ್ಲಾದರೂ ಕೇಳಿದ್ದೀರಾ? ನನ್ನ ಭಾವ, ಅಂದರೆ ಗಂಡನ ಅಣ್ಣ, ಕಿವಿಗೆ ಫೋನ್ ಅಂಟಿಸಿಕೊಂಡು ಯಾರಿಗೋ ಜೋರಾಗಿ ಬುದ್ಧಿ ಹೇಳುತ್ತಾ ಗೇಟಿನಿಂದ ಬಂದವರು ಅಂಗಳದ ಗುಲ್‌ಮೊಹರ್ ಮರದ ಬೇರಿಗೆ ಕಾಲು ತಗುಲಿಸಿಕೊಂಡು ಉದ್ದಕ್ಕೆ ಬಿದ್ದರು. ಮೊಣಕಾಲು ತರಚಿತು, ಪ್ಯಾಂಟು ಹರಿಯಿತು. ನಾನು ಹೊಲಿಗೆ ಅಂಗಡಿಯವಳಲ್ಲವೇ, ಹೊಲಿದು ಒಗೆದು ಇಡು ಎಂದು ಆ ಪ್ಯಾಂಟನ್ನು ನಮ್ಮ ಮನೆಯಲ್ಲೇ ಬಿಟ್ಟು, ತಮ್ಮನ ಲುಂಗಿ ಉಟ್ಟುಕೊಂಡು ಹೋದರು. ಹೋಗುವ ಮುಂಚೆ ತೀರ್ಪು ಬೇರೆ ಕೊಟ್ಟರು.

"ಈ ಬೇರುಗಳನ್ನೆಲ್ಲ ಮೊದಲು ಕಡಿಸಿಹಾಕಿ. ಕಣ್ಣಿರೋ ನಾನೇ ಬಿದ್ದೆ, ಕಣ್ಣು ಕಾಣದ ಅಮ್ಮನ ಗತಿ ಏನು?"

ಅಮ್ಮ ಬಿದ್ದೇ ಇಲ್ಲ ಮಾರಾಯರೇ! ಒಂದು ದಿನವೂ ಬಿದ್ದಿಲ್ಲ.

ಅತ್ತೆಗೆ ಈಗ ಬೆಳಕು, ಕತ್ತಲೆ ಎರಡೇ ಗೊತ್ತಾಗುವುದು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾರೆ. ಅಂಗಳದಲ್ಲಿ ಹಿಡಿಯಲು ಗೋಡೆ ಎಲ್ಲಿದೆ? ಅಲ್ಲಿ ಬೇರುಗಳಿವೆ. ಚಪ್ಪಲಿ ಬಿಚ್ಚಿಟ್ಟು, ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು, ಪಾದದಿಂದ ಬೇರು ತಡವುತ್ತಾ ಹೊರಡುತ್ತಾರೆ. ಬಾಗಿಲ ಮೆಟ್ಟಿಲ ಬಳಿ ಸಿಗುವ ದಪ್ಪ ಬೇರಿಗೆ ಅವರಿಟ್ಟ ಹೆಸರು 'ಯಜಮಾನರು'. ತೀರಿಕೊಂಡ ಮಾವನವರ ಹಾಗೆ ಅದೂ ನೆಟ್ಟಗೆ ಹೋಗಿ ಮರದ ಬುಡ ಮುಟ್ಟಿಸುತ್ತದೆ. ನಲ್ಲಿಯ ಕಡೆಗೆ ಹೋಗುವುದು 'ನಾದಿನಿ', ನಡುವಿನಲ್ಲಿ ಒಂದು ಗಂಟಿದ್ದು ಹೋದಾಗಲೆಲ್ಲ ಹೆಬ್ಬೆರಳನ್ನು ಕೆಣಕುತ್ತದೆ. ಬಟ್ಟೆಯ ತಂತಿಯ ಹತ್ತಿರ ಎರಡಾಗಿ ಕವಲೊಡೆಯುವುದು 'ಅವಳಿಗಳು'. ಹೂವಿನ ಕುಂಡದ ಪಕ್ಕದ ಸಣ್ಣದು ನಾನಂತೆ.

"ನಿನ್ನ ಹಾಗೇ ಕಣೇ, ಬೇಡ ಅಂದ ಕಡೆಯಲ್ಲೇ ತಲೆ ಎತ್ತುತ್ತೆ," ಎಂದು ಅತ್ತೆ ನಗುತ್ತಾರೆ.

ಒಗೆದ ಬಟ್ಟೆ ಹರವುವುದು, ಒಣಗಿದ್ದನ್ನು ತರುವುದು. ಯಾರ ಕೈಯನ್ನೂ ಹಿಡಿಯದೆ ಅವರು ಮಾಡುವ ಕೆಲಸ ಇದೊಂದೇ ಉಳಿದಿರುವುದು. ಇದನ್ನೂ ಕಿತ್ತುಕೊಂಡರೆ ಆ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತು ಯಾರಾದರೂ ಬಂದಾರೇ ಎಂದು ಕಾಯಬೇಕು.

ಇದನ್ನೆಲ್ಲ ಭಾವನಿಗೆ ಬಿಡಿಸಿ ಹೇಳಿದೆ.

"ಬೇರಿಗೆ ಹೆಸರಂತೆ!" ಎಂದು ನಕ್ಕರು. "ಅಮ್ಮನಂತೂ ಮಗು ಆಗಿಬಿಟ್ಟಿದ್ದಾಳೆ. ನೀನೂ ಅವಳ ಜೊತೆ ಸೇರ್ಕೊಂಡು ಆಟ ಆಡ್ತಿದ್ದೀಯಲ್ಲಮ್ಮ."

ನನಗೆ ಮೈಯೆಲ್ಲ ಉರಿಯಿತು. ಆದರೂ ತಾಳ್ಮೆ ತಂದುಕೊಂಡೆ. "ಬೇರು ಕಡಿದ್ರೆ ಮರ ಗಾಳಿಗೆ ನಿಲ್ಲಲ್ಲ ಭಾವ. ಕೆಳಗೆ ಮಣ್ಣು ಗಟ್ಟಿ, ಉಸಿರಾಡೋಕೆ ಅಂತ ಬೇರು ಮೇಲೆ ಬಂದಿದೆ. ಮಧ್ಯೆ ಮಧ್ಯೆ ತರಗೆಲೆ ತೆಳ್ಳಗೆ ಹರಡೋಣ. ಗೇಟಿಂದ ಬರೋ ದಾರಿನ ಸ್ವಲ್ಪ ಆಚೆಗೆ ತಿರುಗಿಸೋಣ. ಅಷ್ಟು ಸಾಕು."

"ಆಯ್ತಮ್ಮ, ಕಡಿಸಲ್ಲ. ಸಮಾಧಾನ ಆಯ್ತಾ?"

ನಂಬಿದೆ ನಾನು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಮುಂದಿನ ವಾರ ನಾನು ಅಂಗಡಿಗೆ, ನನ್ನ ಗಂಡ ಬಸ್ ಡಿಪೋಗೆ ಹೋದಮೇಲೆ ಭಾವ ಗಾರೆಯವರನ್ನು ಕರೆದುಕೊಂಡು ಬಂದಿದ್ದಾರೆ. ಗೇಟು ರಿಪೇರಿ ಇದೆ, ನೀನು ಒಳಗೇ ಕೂತಿರು ಎಂದು ಹೆತ್ತ ತಾಯಿಗೇ ಸುಳ್ಳು ಹೇಳಿ, ಮರದ ಸುತ್ತ ಸಿಮೆಂಟು ಸುರಿಸಿಬಿಟ್ಟಿದ್ದಾರೆ. ಕಡಿಸಲಿಲ್ಲ ನೋಡಿ, ಮಾತು ಉಳಿಸಿಕೊಂಡರು!

ಸಂಜೆ ನಾನು ಗೇಟು ತೆಗೆದಾಗ ಗಾರೆಯವರು ಹೊರಟುಹೋಗಿದ್ದರು. ಭಾವ ಒಳಗೆ ಟೀ ಕುಡಿಯುತ್ತಿದ್ದರು. ಅಂಗಳದ ನಡುವೆ, ಹಸಿ ಸಿಮೆಂಟಿನಲ್ಲಿ ಪಾದ ಮುಳುಗಿಸಿಕೊಂಡು ಅತ್ತೆ ನಿಂತಿದ್ದರು. ಬಟ್ಟೆ ತೆಗೆಯಲೆಂದು ಎಂದಿನಂತೆ ಬಂದವರಿಗೆ ಮುಂದಕ್ಕೂ ದಾರಿಯಿಲ್ಲ, ಹಿಂದಕ್ಕೂ ಇಲ್ಲ. ಖಾಲಿ ಬಕೆಟ್ಟನ್ನು ಎದೆಗೆ ಅವುಚಿಕೊಂಡಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದರು.

"ಇದು ಯಾರ ಮನೆ ಕಣೇ?" ಎಂದರು.

ಕೈಚೀಲ ಬಿಸಾಡಿ ಹೋಗಿ ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಭಾವ ಬಾಗಿಲಿಗೆ ಬಂದರು.

"ಅಯ್ಯೋ, ಒಳಗಿರು ಅಂದಿದ್ದೆನಲ್ಲಮ್ಮ! ಎಲ್ಲ ಹಾಳಾಯ್ತು. ಎಷ್ಟು ನೈಸಾಗಿ ಬಂದಿತ್ತು!"

"ಯಾರನ್ನ ಕೇಳಿ ಮಾಡಿಸಿದ್ರಿ?" ಎಂದೆ. ನನ್ನ ಗಂಟಲು ಪಕ್ಕದ ಮನೆಗೂ ಕೇಳಿಸಿರಬೇಕು, ಕೇಳಿಸಲಿ.

"ಅಮ್ಮನಿಗೋಸ್ಕರಾನೇ ಮಾಡಿಸಿದ್ದು."

"ಅಮ್ಮನನ್ನ ಕೇಳಿದ್ರಾ?"

"ಅಮ್ಮನನ್ನ ಏನು ಕೇಳೋದು?"

ಕೇಳಿಸಿಕೊಂಡಿರಾ? ಪಕ್ಕದಲ್ಲೇ ನಿಂತಿದ್ದಾರೆ, ಕಿವಿ ನೆಟ್ಟಗಿದೆ, ಬುದ್ಧಿ ನಮ್ಮೆಲ್ಲರಿಗಿಂತ ಚುರುಕಾಗಿದೆ, ಅವರನ್ನು ಏನು ಕೇಳುವುದಂತೆ! ಇವರಿಗೆ ನಡೆಯಲು ಕಲಿಸಿದ್ದು ಯಾರು?

ಶೆಡ್ಡಿನಿಂದ ಸಲಿಕೆ ತಂದು ಮೆಟ್ಟಿಲ ಹತ್ತಿರದಿಂದ ಸಿಮೆಂಟು ಎತ್ತಿ ಎತ್ತಿ ಗೋಡೆಯ ಬದಿಗೆ ಎಸೆಯತೊಡಗಿದೆ. ಸದ್ದು ಕೇಳಿ ಅತ್ತೆಗೆ ಅರ್ಥವಾಯಿತು. ಬಕೆಟ್ಟು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಗಳಿಂದ ಬಾಚತೊಡಗಿದರು. ಬೇಡ, ಕೈ ಸುಡುತ್ತದೆ ಎಂದರೂ ಕೇಳಲಿಲ್ಲ. ನನ್ನ ಹಳೆಯ ರಬ್ಬರ್ ಗ್ಲೌಸ್ ತಂದು ತೊಡಿಸಿ, ಅವರ ಕಾಲಿಗೆ ನೀರು ಸುರಿದೆ. 'ಯಜಮಾನರ' ಬೆನ್ನು ಕೈಗೆ ಸಿಕ್ಕಿದಾಗ ಸವರಿದರು, ಮತ್ತೆ ಬಾಚಿದರು.

"ನಾಳೆ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ಜವಾಬ್ದಾರಿ?" ಭಾವ ಮೆಟ್ಟಿಲ ಮೇಲಿಂದಲೇ ಕೂಗಾಡಿದರು.

ಅತ್ತೆ ತಲೆ ಎತ್ತಲಿಲ್ಲ. "ಬಿದ್ರೆ ನಾನು ಬೀಳ್ತೀನಿ ಕಣೋ. ಇಲ್ಲೀವರೆಗೆ ಈ ಅಂಗಳದಲ್ಲಿ ಬಿದ್ದಿರೋನು ನೀನೊಬ್ಬನೇ."

ಆ ಹೊತ್ತಿಗೆ ನನ್ನ ಗಂಡ ಬಂದರು. ಅಣ್ಣನೆದುರು ಇವರು ಉಸಿರೆತ್ತಿದ್ದನ್ನು ನಾನು ನೋಡಿಲ್ಲ. ಅಂದೂ ಎತ್ತಲಿಲ್ಲ. ಅಮ್ಮನ ಕೈ ನೋಡಿದರು, ಅಣ್ಣನ ಮುಖ ನೋಡಿದರು, ಪ್ಯಾಂಟು ಮಡಿಚಿ ಮೇಲೇರಿಸಿ ಹಾರೆ ತೆಗೆದುಕೊಂಡರು.

ಕತ್ತಲಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಬೇರುಗಳೂ ಹೊರಗೆ ಬಂದವು. ಗೇಟಿನ ಕಡೆ ಬೆಳಿಗ್ಗೆಯೇ ಸುರಿದದ್ದು ಮಾತ್ರ ಬಿಗಿದುಕೊಂಡಿತ್ತು. ಹೊಡೆದರೆ ಬೇರಿಗೇ ಪೆಟ್ಟು, ಹಾಗೇ ಬಿಟ್ಟೆವು. ಬೇರುಗಳನ್ನು ನೀರಿನಿಂದ ತೊಳೆದೆವು. ಅತ್ತೆ ಎದ್ದರು, ಬಕೆಟ್ಟು ಬೇಕೆಂದರು. ಕೈ ಹಿಡಿಯಲು ಹೋದೆ, ತಳ್ಳಿದರು.

ಯಜಮಾನರನ್ನು ಹಿಡಿದು ಬುಡದವರೆಗೆ ಹೋದರು. ಅವಳಿಗಳ ಕಡೆ ತಿರುಗುವಾಗ ಗೇಟಿನ ಕಡೆ ಉಳಿದಿದ್ದ ಸಿಮೆಂಟಿನ ದಿಮ್ಮಿ ಕಾಲಿಗೆ ತಗುಲಿತು. ನಿಂತರು. ಪಾದದಿಂದ ಅದನ್ನು ಸುತ್ತಲೂ ತಡವಿದರು.

"ಇದ್ಯಾರು?"

"ಸಿಮೆಂಟು ಅತ್ತೆ, ಏಳಲಿಲ್ಲ. ಉಳಿದುಹೋಯ್ತು."

"ಇರಲಿ ಬಿಡು. ದೊಡ್ಡೋನ ಹೆಸರಿಂದು ಇಷ್ಟು ದಿನ ಒಂದೂ ಇರಲಿಲ್ಲ," ಎಂದರು ಅತ್ತೆ. "ಇದೇ ಅವನು. ಮೇಲೆಲ್ಲ ನುಣ್ಣಗಿದ್ದಾನೆ, ಕೆಳಗೆ ಯಾರಿಗೆ ಉಸಿರು ಕಟ್ತಿದೆಯೋ ಅವನಿಗೆ ಗೊತ್ತಿಲ್ಲ."

ಭಾವ ಮೆಟ್ಟಿಲ ಮೇಲೆ ನಿಂತೇ ಇದ್ದರು. ಅವರ ಕೈಯಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ.

ಅತ್ತೆ ದಿಮ್ಮಿಯನ್ನು ದಾಟಿ ತಂತಿಯ ಹತ್ತಿರ ಹೋದರು. ಒಂದೊಂದೇ ಕ್ಲಿಪ್ ತೆಗೆದು ಬಟ್ಟೆ ಇಳಿಸಿದರು. ಭಾವನ ಪ್ಯಾಂಟು ಕೈಗೆ ಬಂದಾಗ ಮೊಣಕಾಲಿನ ಹೊಲಿಗೆಯನ್ನು ಬೆರಳಿನಲ್ಲಿ ತಡವಿ ನೋಡಿ, ನೀಟಾಗಿ ಮಡಿಚಿ, ಬಕೆಟ್ಟಿಗೆ ಹಾಕಿಕೊಂಡರು.